ಒಬ್ಬರಿಗಾಗಿ ಕಟ್ಟಿದ ಬಚ್ಚಲು

"ಗುರುಗಳೇ, ಯಾರ ಹಂಗಿಗೂ ಬೀಳದೆ ಬದುಕುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಅವನು ಹನ್ನೊಂದು ದಿನ ಜ್ವರದಲ್ಲಿ ಮಲಗಿ ಎದ್ದಿದ್ದನು. ಅಷ್ಟು ದಿನವೂ ಆಶ್ರಮದವರು ಅವನಿಗೆ ಗಂಜಿ ಕುಡಿಸಿದ್ದರು, ಅವನ ಬಟ್ಟೆ ಒಗೆದಿದ್ದರು. ಅವನಿಗೆ ಅದನ್ನು ನೆನೆದರೆ ತಲೆ ಎತ್ತಲಾಗುತ್ತಿರಲಿಲ್ಲ. ಇನ್ನು ಮೇಲೆ ಬೆಟ್ಟದ ಗುಡಿಸಲಿನಲ್ಲಿ ಒಬ್ಬನೇ ಇರಲು ಅಪ್ಪಣೆ ಕೇಳಲೆಂದು ಬಂದಿದ್ದನು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಅವನ ಮುಂದೆಯೂ ಒಂದು ಹಿಡಿ ಕಾಯಿ ಸರಿಸಿ, ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದನು. ಹೊತ್ತು ಮೂಡುವ ಮೊದಲು ಅಂಗಡಿಗೆ ಹೋದರೆ ದೀಪ ಹಚ್ಚಿದ ಮೇಲೆ ಮನೆಗೆ ಬರುತ್ತಿದ್ದನು. ಬಂದ ಮೇಲೆ ಉಣ್ಣುವನು, ಮಲಗುವನು. ನಲವತ್ತು ವರ್ಷ ಹೀಗೆಯೇ ನಡೆಯಿತು. ಒಂದು ದಿನ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಅಂಗಡಿ ತಮ್ಮನ ಕೈಗೆ ಹೋಯಿತು. ವ್ಯಾಪಾರಿ ಮನೆಯಲ್ಲಿ ಉಳಿದನು.

ದಿನವೂ ಹೆಂಡತಿಯೇ ಅವನಿಗೆ ಸ್ನಾನ ಮಾಡಿಸುತ್ತಿದ್ದಳು. ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಬಿಸಿನೀರು ತೋಡಿ ಹೊಯ್ಯುತ್ತಿದ್ದಳು. ಹೊಯ್ಯುತ್ತ ಮಾತನಾಡುತ್ತಿದ್ದಳು. ಹಾಲು ಒಡೆದದ್ದು, ಪಕ್ಕದ ಮನೆಯವರು ಜಗಳವಾಡಿದ್ದು, ತಾನು ಚಿಕ್ಕವಳಿದ್ದಾಗ ಬಾವಿಗೆ ಬಿಂದಿಗೆ ಬೀಳಿಸಿದ್ದು, ಎಲ್ಲವನ್ನೂ ಹೇಳುವಳು. ಅವನು ಹೂಂ ಅನ್ನುವನು. ಅವನ ಮನಸ್ಸು ಮಾತಿನ ಮೇಲೆ ಇರುತ್ತಿರಲಿಲ್ಲ. ಇದು ಯಾವಾಗ ಮುಗಿಯುವುದೋ ಎಂದು ಕಾಯುತ್ತಿತ್ತು.

ಒಂದು ಬೆಳಗ್ಗೆ ತಮ್ಮನು ಅಂಗಡಿಯ ಬೀಗದ ಕೈ ಕೇಳಲು ಬಂದನು. ಒಳಗಿನಿಂದ ಅತ್ತಿಗೆಯ ಮಾತು ಕೇಳಿಸಿತು: "ಕಣ್ಣು ಮುಚ್ಕೊಳ್ರೀ, ಸೀಗೆಕಾಯಿ ಹೋಗುತ್ತೆ. ಹಾಂ, ಜಾಣ!" ತಮ್ಮನು ನಕ್ಕನು. ಆ ನಗು ಬಚ್ಚಲಿನೊಳಗೂ ಕೇಳಿಸಿತು. ಹತ್ತು ಜನರಿಗೆ ಅಪ್ಪಣೆ ಕೊಡುತ್ತಿದ್ದ ವ್ಯಾಪಾರಿ ಅಂದು ಊಟ ಮಾಡಲಿಲ್ಲ. ಮರುದಿನವೇ ಗಾರೆಯವನನ್ನು ಕರೆಸಿದನು.

"ನಾನು ಒಬ್ಬನೇ ಸ್ನಾನ ಮಾಡುವಂತೆ ಒಂದು ಬಚ್ಚಲು ಕಟ್ಟಿಕೊಡು" ಅಂದನು.

ಗಾರೆಯವನು ತಿಳಿದ ಕೆಲಸಗಾರ. ಹಿತ್ತಲ ಕಡೆಯ ಖಾಲಿ ಕೋಣೆಯ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದು ತೋರಿಸಿದನು. ಈ ಮೂಲೆಯಲ್ಲಿ ಶವರ್. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಹೊಸಿಲೂ ಇಲ್ಲ. ಸೋತ ಕಾಲು ಎಡವಲು ಏನೂ ಇರಬಾರದು. ನೆಲ ಬೆರಳಿನಷ್ಟು ಇಳಿಜಾರಾದರೆ ನೀರು ತಾನೇ ಹರಿದುಹೋಗುತ್ತದೆ. ಆ ಗೋಡೆಯ ಉದ್ದಕ್ಕೆ ಸ್ನಾನದ ತೊಟ್ಟಿ. ಅದರ ಅಂಚು ಕುರ್ಚಿಯಷ್ಟೇ ಎತ್ತರ. ಮೊದಲು ಅಂಚಿನ ಮೇಲೆ ಕುಳಿತು, ಆಮೇಲೆ ಒಂದೊಂದೇ ಕಾಲು ಒಳಗೆ ತಂದುಕೊಳ್ಳಬಹುದು. ನಲ್ಲಿ ಎಡಕ್ಕೆ, ಹಿಡಿಯುವ ಕಂಬಿಯೂ ಎಡಕ್ಕೆ.

ಗೆರೆಗಳ ನಡುವೆ ನಿಂತು ಅವನು ಕೇಳಿದನು: "ಯಜಮಾನರೇ, ಅಮ್ಮಾವ್ರು ನಿಂತ್ಕೊಳ್ಳೋಕೆ ಎಲ್ಲಿ ಜಾಗ ಬಿಡಲಿ?"

"ಅವಳಿಗ್ಯಾಕಯ್ಯಾ ಜಾಗ? ಅವಳಿಗೆ ಬಿಡುಗಡೆ ಆಗಲಿ ಅಂತಲೇ ಇದೆಲ್ಲ ಮಾಡಿಸ್ತಿರೋದು."

ಹೆಂಡತಿ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಗಾರೆಯವನಿಗೆ ಲೋಟ ಕೊಡುತ್ತ ಅಂದಳು: "ನೋಡಪ್ಪಾ, ನಲವತ್ತು ವರ್ಷ ಅಂಗಡಿಯಲ್ಲಿ ಬಚ್ಚಿಟ್ಟುಕೊಂಡಿದ್ರು. ಈಗ ಕೈಗೆ ಸಿಕ್ಕಿದ್ರು ಅಂದ್ಕೊಂಡೆ. ಇನ್ನು ಬಚ್ಚಲಲ್ಲಿ ಬಚ್ಚಿಟ್ಟುಕೊಳ್ತಾರಂತೆ!"

ವ್ಯಾಪಾರಿ ಜೋರಾಗಿ ನಕ್ಕನು. ಗಾರೆಯವನು ನಗಲಿಲ್ಲ. ಯಜಮಾನ ಹೇಳಿದಂತೆಯೇ ಕಟ್ಟಿಕೊಟ್ಟು ಹೋದನು.

ಬಚ್ಚಲು ಬಹಳ ಚೆನ್ನಾಗಿ ಬಂದಿತ್ತು. ವ್ಯಾಪಾರಿ ಕೋಲೂರಿಕೊಂಡು ತಾನೇ ಹೋಗುವನು, ಶವರಿನ ಕೆಳಗೆ ಸ್ಟೂಲಿನ ಮೇಲೆ ಕೂರುವನು, ತಾನೇ ಒರೆಸಿಕೊಂಡು ಬರುವನು. ಮೊದಲ ದಿನ ಅವನ ಮುಖದಲ್ಲಿ ಗೆಲುವು ಕಂಡು ಹೆಂಡತಿಗೂ ಸಂತೋಷವಾಯಿತು. ಅದು ಸುಳ್ಳು ಸಂತೋಷವಲ್ಲ. ಆದರೂ ಅವನು ಒಳಗಿರುವಷ್ಟು ಹೊತ್ತು ಅವಳು ಹೊರಗೆ ಟವೆಲು ಹಿಡಿದು ಕೂರುವುದನ್ನು ಬಿಡಲಿಲ್ಲ. ಟವೆಲು ಒಳಗೂ ಒಂದಿತ್ತು.

ದೀಪಾವಳಿ ಬಂದಿತು. ಪ್ರತಿ ವರ್ಷ ಹಬ್ಬದ ಬೆಳಗ್ಗೆ ಹೆಂಡತಿ ಅವನ ನೆತ್ತಿಗೆ ಎಣ್ಣೆ ಒತ್ತಿ ಎರೆಯುವುದು ಆ ಮನೆಯ ಪದ್ಧತಿ. ಅವನು ಅಂಗಡಿಗೆ ಹೋಗುತ್ತಿದ್ದ ಕಾಲದಲ್ಲೂ ಅದೊಂದು ದಿನ ತಪ್ಪಿರಲಿಲ್ಲ. ಅವಳು ಹಳೆಯ ಸೀರೆ ಸುತ್ತಿಕೊಂಡು, ಎಣ್ಣೆ ಬೆಚ್ಚಗೆ ಮಾಡಿ ತಂದಳು. ವ್ಯಾಪಾರಿ ಬಟ್ಟಲಿಗೆ ಕೈ ನೀಡಿದನು.

"ಕೊಡು, ನಾನೇ ಹಚ್ಚಿಕೊಳ್ತೀನಿ. ನಿನಗೆ ಹಬ್ಬದ ಕೆಲಸ ಇದೆ."

ಅವಳು ಬಟ್ಟಲು ಕೊಟ್ಟಳು. ತನ್ನ ಪಾಲಿಗೆ ಇನ್ನೊಂದು ಬಟ್ಟಲು ತಂದುಕೊಂಡು ಹೊರಗೆ ಕುಳಿತಳು.

ಅವನು ಎಡಗೈಯಿಂದ ತಲೆಗೆ, ಎದೆಗೆ, ಕಾಲಿಗೆ ಎಣ್ಣೆ ಹಚ್ಚಿಕೊಂಡನು. ಹಬ್ಬವಲ್ಲವೇ ಎಂದು ತೊಟ್ಟಿಯ ತುಂಬ ಬಿಸಿನೀರು ಬಿಟ್ಟುಕೊಂಡು ಇಳಿದು ಕುಳಿತನು. ಮೈಗೆ ಹಿತವಾಯಿತು. ಏಳಬೇಕೆಂದು ಕಂಬಿ ಹಿಡಿದಾಗ ಕೈ ಜಾರಿತು. ಮತ್ತೆ ಹಿಡಿದನು, ಮತ್ತೆ ಜಾರಿತು. ತೊಟ್ಟಿಯ ತಳಕ್ಕೂ ಎಣ್ಣೆ ಅಂಟಿ, ಗಟ್ಟಿಯಿದ್ದ ಕಾಲೂ ಊರಲಿಲ್ಲ. ಇಳಿಜಾರು, ಅಂಚು, ಎತ್ತರ, ಎಲ್ಲವನ್ನೂ ಯೋಚಿಸಿದ್ದ ಇಬ್ಬರಲ್ಲಿ ಒಬ್ಬನೂ ಎಣ್ಣೆಸ್ನಾನವನ್ನು ಯೋಚಿಸಿರಲಿಲ್ಲ.

ಅವನು ಕೂಗಲಿಲ್ಲ. ಕೂಗಿದರೆ ಇಷ್ಟು ದಿನ ಒಬ್ಬನೇ ಮಾಡಿದ್ದೆಲ್ಲ ಹೋಯಿತು ಎಂದುಕೊಂಡನು. ಕೂಗಿದ್ದರೆ ಅವಳು ಬಂದುಬಿಡಬಹುದಿತ್ತು, ಬಾಗಿಲಿಗೆ ಅಗುಳಿಯೂ ಇರಲಿಲ್ಲ. ನೀರು ಆರುತ್ತ ಬಂದಿತು.

ಹೊರಗೆ ಹೆಂಡತಿಗೆ ನೀರಿನ ಸದ್ದು ನಿಂತದ್ದು ತಿಳಿಯಿತು. ಕೈ ಜಾರಿದ ಸದ್ದೂ ತಿಳಿಯಿತು. ಒಳಗೆ ಹೋದರೆ ಅವನ ಮನಸ್ಸು ಮುರಿಯುವುದೆಂದು ಅವಳೂ ಏಳಲಿಲ್ಲ.

"ರೀ, ಆಯ್ತಾ?" ಎಂದಳು.

"ಆಗ್ತಾ ಇದೆ" ಎಂದನು.

ಮತ್ತಷ್ಟು ಹೊತ್ತು ಕಳೆಯಿತು. ಅವನ ಹಲ್ಲು ಕಟಕಟ ಅನ್ನುವುದು ಬಾಗಿಲಾಚೆಗೂ ಕೇಳಿಸಿತು. ಆಗ ಅವಳು ತನ್ನ ಎಣ್ಣೆಯ ಬಟ್ಟಲು ಹಿಡಿದು ಒಳಗೆ ಬಂದಳು. ಅವನ ಕಡೆ ನೋಡಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತು, ಬಟ್ಟಲನ್ನು ಹಿಂದಕ್ಕೆ ನೀಡಿದಳು.

"ನನ್ನ ಬೆನ್ನಿಗೆ ಸ್ವಲ್ಪ ಹಚ್ಚಿ. ನನ್ನ ಎರಡು ಕೈಯೂ ನೆಟ್ಟಗಿದ್ರೂ ಅಲ್ಲಿಗೆ ಒಂದೂ ಎಟಕೋಲ್ಲ."

ವ್ಯಾಪಾರಿ ತಣ್ಣೀರಿನಲ್ಲಿ ಕುಳಿತೇ ಎಡಗೈಯಿಂದ ಅವಳ ಬೆನ್ನಿಗೆ ಎಣ್ಣೆ ಹಚ್ಚಿದನು. ಮದುವೆಯಾಗಿ ನಲವತ್ತು ವರ್ಷವಾಗಿದ್ದರೂ ಆ ಬೆನ್ನಿಗೆ ಅವನು ಎಣ್ಣೆ ಹಚ್ಚಿದ್ದು ಅದೇ ಮೊದಲು. ಭುಜದ ಹತ್ತಿರ ಒಂದು ಹಳೆಯ ಸುಟ್ಟ ಕಲೆ ಇತ್ತು. ಇದು ಯಾವಾಗ ಆದದ್ದು ಎಂದು ಕೇಳಿದನು. ಅವಳು ಹೇಳಿದಳು. ಅವನು ಕೊನೆಯವರೆಗೂ ಕೇಳಿದನು. ಅನಂತರ ಮೆಲ್ಲಗೆ ಅಂದನು:

"ನನ್ನನ್ನ ಎಬ್ಬಿಸೇ."

ಅವಳು ಟವೆಲನ್ನು ಅವನ ಕಂಕುಳಿಗೆ ಸುತ್ತಿ ಎಬ್ಬಿಸಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕೈಯಲ್ಲಿ ಸುಲಿಯದ ಕಾಯಿ ಹಾಗೆಯೇ ಇತ್ತು.

"ಗುರುಗಳೇ, ಅಷ್ಟೆಲ್ಲ ಕಟ್ಟಿಸಿಯೂ ಆ ವ್ಯಾಪಾರಿಗೆ ಹಂಗು ತಪ್ಪಲಿಲ್ಲವಲ್ಲ?" ಎಂದನು.

ಗುರುಗಳು ಅಂದರು: "ಅವನು ಕೂಗದೆ ಇದ್ದಷ್ಟು ಹೊತ್ತು, ಆ ತಣ್ಣೀರಿನಲ್ಲಿ ಕುಳಿತಿದ್ದವರು ಇಬ್ಬರು, ಬಾಗಿಲ ಒಳಗೊಬ್ಬನು, ಹೊರಗೊಬ್ಬಳು."

ಶಿಷ್ಯನು ಗುರುಗಳ ಪಕ್ಕಕ್ಕೆ ಸರಿದು ಕುಳಿತು, ಕೈಯಲ್ಲಿದ್ದ ಕಾಯಿ ಸುಲಿಯತೊಡಗಿದನು.