ಡೊಳ್ಳಪ್ಪ ಕಾಣದ ಬೇಸಿಗೆ

ಮಕ್ಕಳೇ, ಈ ಕತೆಯ ಕಪ್ಪೆಯನ್ನು ನೋಡಿ ನಗಬೇಡಿ ಎಂದು ನಾನು ಹೇಳುವುದಿಲ್ಲ. ಧಾರಾಳವಾಗಿ ನಗಿ. ನಾನೂ ನಕ್ಕಿದ್ದೇನೆ. ನಕ್ಕ ಮೇಲೆ ಒಂದು ಸಲ ನಮ್ಮನ್ನೂ ನೋಡಿಕೊಂಡರೆ ಸಾಕು.

ಬಯಲುಸೀಮೆಯ ಕುರುಚಲು ಕಾಡಿನ ನಡುವೆ ಜಾಲಿಕೆರೆ ಅಂತ ಒಂದು ಕೆರೆ. ಅಲ್ಲಿ ಡೊಳ್ಳಪ್ಪ ಎಂಬ ಗೂಳಿಗಪ್ಪೆ ಇದ್ದ. ಅವನ ಹೊಟ್ಟೆ ಎಷ್ಟು ದೊಡ್ಡದೋ ಗಂಟಲೂ ಅಷ್ಟೇ ದೊಡ್ಡದು. ಕೆರೆಯ ವಿಷಯ ಯಾರು ಏನೇ ಕೇಳಲಿ, "ನನ್ನನ್ನು ಕೇಳಿ, ನನ್ನನ್ನು!" ಎಂದು ಎಲ್ಲರಿಗಿಂತ ಮುಂದೆ ಜಿಗಿಯುತ್ತಿದ್ದ.

ಆದರೆ ಅವನ ದಿನಚರಿ ಕೇಳಿ. ಮೃಗಶಿರ ಮಳೆ ಗುಡುಗಿದಾಗ ಡೊಳ್ಳಪ್ಪ ಮಣ್ಣಿನಿಂದ ಮೇಲೇಳುತ್ತಿದ್ದ. ಆಮೇಲೆ ತಿಂದದ್ದೇ ತಿಂದದ್ದು, ವಟಗುಟ್ಟಿದ್ದೇ ವಟಗುಟ್ಟಿದ್ದು. ದೀಪಾವಳಿಯ ಹೊತ್ತಿಗೆ ಮಳೆ ನಿಂತ ಕೂಡಲೇ ಬಾಯಿ ತುಂಬ ಆಕಳಿಸಿ, ಕೆರೆಯ ತಳದಲ್ಲಿ ಹಿಂಗಾಲಿಂದ ಗುಂಡಿ ತೋಡಿ, ನೆಲದೊಳಗೆ ಇಳಿದು ಮಲಗಿಬಿಡುತ್ತಿದ್ದ. ಮತ್ತೆ ಏಳುವುದು ಮುಂದಿನ ಮೃಗಶಿರಕ್ಕೆ. ಎದ್ದವನೇ, "ಅಬ್ಬಾ, ನಿನ್ನೆ ಎಂಥಾ ನಿದ್ದೆ ಬಂತು!" ಎನ್ನುತ್ತಿದ್ದ. ಏಳು ತಿಂಗಳು ಅವನ ಲೆಕ್ಕದಲ್ಲಿ ಒಂದು ನಿದ್ದೆ! ಹಾಗಾಗಿ ಚಳಿಗಾಲವನ್ನಾಗಲಿ ಬೇಸಿಗೆಯನ್ನಾಗಲಿ ಅವನು ಕಂಡವನೇ ಅಲ್ಲ.

ಡೊಳ್ಳಪ್ಪನಿಗೆ ಒಬ್ಬಳು ತಂಗಿ ಇದ್ದಳು, ಹೊನ್ನಿ. ಇಬ್ಬರಿಗೂ ಇನ್ನೂ ಬಾಲ ಇದ್ದ ಕಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಿತ್ತು. ಆ ನೀರಿನಲ್ಲಿ ಹೊನ್ನಿ ಕೊಚ್ಚಿ ಹೋಗಿದ್ದಳು. ಅವಳ ನೆನಪಾದರೆ ಸಾಕು, ಡೊಳ್ಳಪ್ಪ ಕೋಡಿಯ ಹತ್ತಿರ ಹೋಗಿ ಕೂತುಬಿಡುತ್ತಿದ್ದ.

ಒಂದು ಶ್ರಾವಣದಲ್ಲಿ ಚಾತಕ ಪಕ್ಷಿ ಬಂದು ಜಾಲಿಮರದ ಮೇಲೆ ಕೂತಿತು. "ಡೊಳ್ಳಪ್ಪ, ಸಿಹಿ ಸುದ್ದಿ! ನಿನ್ನ ತಂಗಿ ಬದುಕಿದ್ದಾಳೆ. ಮೂಡಲಲ್ಲಿ, ಹೊಳೆ ಕಡಲು ಸೇರುವ ಜೌಗಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ತವರು ನೋಡಬೇಕು ಅಂತ ಒಂದೇ ಸಮ ಹಂಬಲಿಸುತ್ತಾಳೆ. ಯಾವಾಗ ಬರಲಿ ಅಂತ ಕೇಳಿದ್ದಾಳೆ."

ಡೊಳ್ಳಪ್ಪ ಸಂತೋಷಕ್ಕೆ ಮೂರು ಸಲ ನೀರಿಗೆ ಹಾರಿ ಮೂರು ಸಲ ದಡ ಹತ್ತಿದ. "ಯಾವಾಗ ಅಂತ ಕೇಳೋದಾ! ತವರಿಗೆ ಬರೋಕೆ ಪಂಚಾಂಗ ನೋಡ್ತಾರಾ? ಯಾವಾಗ ಬೇಕಾದರೂ ಬರಲಿ. ನಮ್ಮೂರಲ್ಲಿ ಯಾವಾಗಲೂ ನೀರು, ಯಾವಾಗಲೂ ತಂಪು!"

ಕೆರೆ ಏರಿಯ ಮೇಲೆ ಸಾಕವ್ವ ಎಂಬ ನಕ್ಷತ್ರ ಆಮೆ ಗರಿಕೆ ಮೇಯುತ್ತಿದ್ದಳು. ವರ್ಷವಿಡೀ ಅಲ್ಲೇ ಓಡಾಡಿಕೊಂಡಿರುವ ಹಿರಿಜೀವ. ಅವಳು ಕತ್ತು ಹೊರಗೆ ಚಾಚಿ, "ಹಾಗೆಲ್ಲ ಹೇಳಿ ಕಳಿಸಬೇಡ ಕಣಪ್ಪ. ನಮ್ಮದು ದೊಡ್ಡ ದೇಶ. ಒಂದೊಂದು ಸೀಮೆಗೆ ಒಂದೊಂದು ಕಾಲ ಚೆಂದ. ಬಡಗಣ ಬೆಟ್ಟದಲ್ಲಿ ಹಿಮ ಬೀಳುತ್ತಂತೆ, ದೇಶದ ಪಡುವಣ ಗಡಿಯಲ್ಲಿ ಬರೀ ಮರಳಂತೆ. ಚಳಿಗಾಲಕ್ಕೆ ಈ ಕೆರೆಗೆ ಬರುವ ಹೆಬ್ಬಾತುಗಳು ಹೇಳುತ್ತವೆ. ನಮ್ಮೂರಿಗೆ ಶ್ರಾವಣದಲ್ಲಿ ಬಾ ಅಂತ ಅವಳಿಗೆ ಹೇಳು," ಎಂದಳು.

"ಹೆಬ್ಬಾತಾ? ನನ್ನ ಕೆರೆಗೆ ಬಂದು ನನ್ನ ಕಣ್ಣಿಗೆ ಬೀಳದ ಹಕ್ಕಿ ಯಾವುದಮ್ಮ ಅದು? ವಯಸ್ಸಾಯ್ತು ಸಾಕವ್ವ, ಏನೇನೋ ಕನಸು ಬೀಳುತ್ತೆ ನಿನಗೆ," ಎಂದು ಡೊಳ್ಳಪ್ಪ ನಕ್ಕ.

"ನಾನೂ ದೇಶವೆಲ್ಲ ಸುತ್ತಿದ್ದೇನೆ," ಎಂದಿತು ಚಾತಕ. "ಹೋದಲ್ಲೆಲ್ಲ ಮಳೆಯೇ. ಒಣ ನೆಲ ಅನ್ನೋದನ್ನು ನಾನಂತೂ ಕಂಡಿಲ್ಲ."

ಕಾಣುವುದಾದರೂ ಹೇಗೆ? ಅದು ಮಳೆಯ ಬೆನ್ನು ಹತ್ತಿ ತಿರುಗುವ ಹಕ್ಕಿ. ಮಳೆ ಬಿಟ್ಟ ಊರನ್ನು ಅದು ಮೊದಲೇ ಬಿಟ್ಟಿರುತ್ತದೆ. ಹೊಂದಿತಲ್ಲ ಜೋಡಿ! "ಕೇಳಿದೆಯಾ ಸಾಕವ್ವ? ಸಾಕ್ಷಿಯೂ ಸಿಕ್ಕಿತು," ಎಂದು ಡೊಳ್ಳಪ್ಪ ಹೊಟ್ಟೆ ಉಬ್ಬಿಸಿದ. ಚಾತಕ ಅವನ ಮಾತನ್ನು ಹೊತ್ತುಕೊಂಡು ಮಳೆಯ ಹಿಂದೆ ಮೂಡಲಿಗೆ ಹಾರಿತು.

ದೀಪಾವಳಿ ಬಂತು. ಡೊಳ್ಳಪ್ಪ ಆಕಳಿಸಿ ಮಲಗಿದ.

ಮಲಗಿ ಎಷ್ಟು ಹೊತ್ತಾಯಿತೋ, ತಲೆಯ ಮೇಲೆ ಯಾರೋ ಕೆರೆಯುವ ಸದ್ದು. "ಏಳೋ ಡೊಳ್ಳಪ್ಪ, ಎದ್ದೇಳೋ! ನಿನ್ನ ತಂಗಿ ಬಂದಿದ್ದಾಳೆ!"

ಗುಡುಗಿಲ್ಲ, ಮಳೆ ಇಲ್ಲ, ಇದೆಂಥ ಬೆಳಗು ಎಂದು ಗೊಣಗುತ್ತ ಡೊಳ್ಳಪ್ಪ ಮೇಲಕ್ಕೆ ತಳ್ಳಿದ. ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ನೆತ್ತಿ ತರಚಿಕೊಂಡು ಹೊರಗೆ ಬಂದು ಕಣ್ಣು ಬಿಟ್ಟ. ಬಿಟ್ಟ ಕಣ್ಣು ಹಾಗೇ ನಿಂತಿತು. ಎತ್ತ ನೋಡಿದರೂ ಬಿರುಕು ಬಿಟ್ಟ ನೆಲ. ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲು.

"ಅಯ್ಯೋ ಸಾಕವ್ವ, ನನ್ನನ್ನು ಯಾವ ಊರಿಗೆ ತಂದು ಹಾಕಿದೆ?"

"ಇದು ನಿನ್ನೂರೇ ಕಣಪ್ಪ."

"ಸುಳ್ಳು! ನಮ್ಮೂರಲ್ಲಿ ಕೆರೆ ಇದೆ."

"ನೀನು ನಿಂತಿರೋದು ಕೆರೆಯ ನಟ್ಟನಡುವೆ."

"ಹಾಗಾದರೆ ನೀರೆಲ್ಲಿ? ಯಾರು ಕುಡಿದದ್ದು? ದಿನಾ ಕೆರೆಗೆ ಬಂದು ಬೀಳುತ್ತಲ್ಲ, ಆ ಕುಂಟೆಮ್ಮೆ ತಾನೇ? ನನಗೆ ಮೊದಲಿಂದಲೂ ಅದರ ಮೇಲೆ ಅನುಮಾನ!"

"ಬೇಸಿಗೆ ಕುಡಿಯಿತು," ಎಂದಳು ಸಾಕವ್ವ. "ಎಮ್ಮೆಯ ವಿಚಾರಣೆ ಆಮೇಲೆ ಮಾಡು. ಮೊದಲು ಇತ್ತ ನೋಡು."

ಸಾಕವ್ವನ ಚಿಪ್ಪಿನ ನೆರಳಿನಲ್ಲಿ ಹೊನ್ನಿ ಕೂತಿದ್ದಳು. ಪಕ್ಕದಲ್ಲಿ ಅವಳ ಮಕ್ಕಳು, ಚಿಮ್ಮ ಮತ್ತು ಚಿಟ್ಟಿ. ಅಣ್ಣನ ಮಾತು ನಂಬಿ, ಯುಗಾದಿ ಕಳೆದ ಮೇಲೆ, ವೀಳ್ಯದೆಲೆಯ ಒದ್ದೆ ಬುಟ್ಟಿಯಲ್ಲಿ ಅಡಗಿ ಲಾರಿಯಲ್ಲಿ ಬಂದಿದ್ದರು. ಸಂತೆಪೇಟೆಯಲ್ಲಿ ಇಳಿದು ಕೆರೆಗೆ ಬರುವಷ್ಟರಲ್ಲಿ ಮೂವರ ಮೈಯೂ ಒಣಗಿತ್ತು. ಚಿಟ್ಟಿಯ ಬೆನ್ನು ಸುಕ್ಕುಗಟ್ಟಿತ್ತು. ಅವಳು ಕಣ್ಣು ಬಿಡುತ್ತಿರಲಿಲ್ಲ.

"ಅಣ್ಣಾ," ಎಂದಳು ಹೊನ್ನಿ. "ನನ್ನ ಮಗು ಉಳಿಯುತ್ತಾ?"

ಡೊಳ್ಳಪ್ಪ ಚಿಟ್ಟಿಯ ಬೆನ್ನು ಮುಟ್ಟಿ ನೋಡಿದ. ಕಪ್ಪೆಗೆ ಮೈ ಒಣಗಿದರೆ ಜೀವವೇ ಹೋಯಿತು, ಅದು ಅವನಿಗೂ ಗೊತ್ತು. ಹುಟ್ಟಿದ ಮೇಲೆ ಮೊದಲ ಸಲ ಅವನ ಬಾಯಿಂದ ಆ ಮಾತು ಬಂತು: "ಸಾಕವ್ವ, ನನಗೆ ಏನೂ ತೋಚುತ್ತಿಲ್ಲ. ಏನು ಮಾಡಬೇಕು ಹೇಳು."

ಸಾಕವ್ವ ಹಂಗಿಸಲಿಲ್ಲ. "ಊರ ಮುಂದಿನ ಕೈಪಂಪಿನ ಬುಡದಲ್ಲಿ ಬೇಸಿಗೆಯಲ್ಲೂ ಚೆಲ್ಲಿದ ನೀರು ನಿಂತಿರುತ್ತೆ. ಆದರೆ ಈ ಬಿಸಿಲಲ್ಲಿ ಹೊರಟರೆ ದಾರಿಯಲ್ಲೇ ಬೆಂದು ಹೋಗುತ್ತೀರಿ. ಹೊತ್ತು ಇಳಿಯಲಿ," ಎಂದಳು.

ಅಲ್ಲಿಯವರೆಗೆ ಎಲ್ಲಿ ಇರುವುದು? ಡೊಳ್ಳಪ್ಪ ತಾನು ಎದ್ದುಬಂದ ಗುಂಡಿಗೆ ಕೈಯಿಟ್ಟು ನೋಡಿದ. ತಳದಲ್ಲಿ ಇನ್ನೂ ತೇವ ಇತ್ತು. ಮೂವರಿಗೆ ಇಕ್ಕಟ್ಟು, ನಾಲ್ವರಿಗೆ ಜಾಗವೇ ಇಲ್ಲ. "ಇಳಿಯಮ್ಮ ಹೊನ್ನಿ, ಮಕ್ಕಳನ್ನು ಕರೆದುಕೊಂಡು ಇಳಿ," ಎಂದು ಅವರನ್ನು ಒಳಗೆ ಕಳಿಸಿ, ಮೇಲೆ ಮಣ್ಣಿನ ಹೆಂಟೆ ಮುಚ್ಚಿದ. ತಾನು ಸಾಕವ್ವನ ನೆರಳಿಗೆ ಬಂದು ಮುದುಡಿಕೊಂಡ.

"ಹೇಗಿದೆಯಪ್ಪ ಬೇಸಿಗೆ?" ಎಂದಳು ಸಾಕವ್ವ.

"ಇದು ಎಷ್ಟು ಹೊತ್ತು ಇರುತ್ತೆ?"

"ಇನ್ನು ಎರಡು ತಿಂಗಳು."

ಡೊಳ್ಳಪ್ಪನ ಕಣ್ಣಲ್ಲಿ ಎರಡು ಹನಿ ಬಂತು. ಅವತ್ತು ಜಾಲಿಕೆರೆಯಲ್ಲಿ ಇದ್ದ ನೀರು ಅಷ್ಟೇ.

ಹೊತ್ತು ಇಳಿಯಿತು. ಸಾಕವ್ವ ಮಕ್ಕಳಿಬ್ಬರನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹೊರಟಳು. ಹೊನ್ನಿ, ಡೊಳ್ಳಪ್ಪ ಪಕ್ಕದಲ್ಲಿ ಕುಪ್ಪಳಿಸಿದರು. ಅವಳ ನಡಿಗೆ ನಿಮಗೆ ಗೊತ್ತಲ್ಲ. "ಸ್ವಲ್ಪ ಬೇಗ ಸಾಕವ್ವ!" ಎಂದು ಡೊಳ್ಳಪ್ಪ ಬೇಡಿಕೊಂಡ. "ಬೇಗ ಅಂದರೆ ಇದೇ ಕಣೋ," ಎಂದಳು ಅವಳು ಏದುಸಿರು ಬಿಡುತ್ತ. ಕಾದ ನೆಲಕ್ಕೆ ಡೊಳ್ಳಪ್ಪನ ಅಂಗಾಲು ಸುಟ್ಟಿತು. ಮೈ ಬಿಗಿದುಕೊಂಡಿತು. ಆದರೂ ಅವನು ಚಿಟ್ಟಿಯ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಕೈಪಂಪಿನ ಹತ್ತಿರ ಯಾರೋ ಆಗ ತಾನೇ ಕೊಡ ತುಂಬಿಕೊಂಡು ಹೋಗಿದ್ದರು. ಚೆಲ್ಲಿದ ನೀರು ಕಲ್ಲುಚಪ್ಪಡಿಯ ಪಕ್ಕ ನಿಂತಿತ್ತು. ಚಿಟ್ಟಿಯನ್ನು ಅದರಲ್ಲಿ ಇಳಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವಳ ಒಂದು ಕಾಲು ಅಲ್ಲಾಡಿತು. ಕಣ್ಣು ತೆರೆದಳು. ಹೊನ್ನಿ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಡೊಳ್ಳಪ್ಪ ಅವಳಿಗಿಂತ ಜೋರಾಗಿ ಅತ್ತ. ಗಂಟಲು ದೊಡ್ಡದಲ್ಲವೇ!

ಚಿಮ್ಮ ಮಾತ್ರ ಸುತ್ತಮುತ್ತ ನೋಡಿ ಕೇಳಿದ, "ಅಮ್ಮಾ, ಮಾವನ ಕೆರೆ ಕಡಲಿನಷ್ಟು ದೊಡ್ಡದು ಅಂದಿದ್ದೆಯಲ್ಲ. ಈ ಕೊಚ್ಚೆನೇನಾ ಅದು?"

ಡೊಳ್ಳಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆರೆಯಲ್ಲಿ ಬೇಕಾದಷ್ಟು ಬಾಯಿಬಿಟ್ಟಿತ್ತು ಬಿಡಿ. "ತಪ್ಪಾಯ್ತು ತಂಗಿ," ಎಂದ. "ನಾನು ಕಂಡದ್ದು ಐದೇ ತಿಂಗಳು. ಉಳಿದ ಏಳು ತಿಂಗಳು ಇವೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೇಳಿದರೂ ಕೇಳಲಿಲ್ಲ."

"ನೀನು ಬಾ ಅಂದೆಯಲ್ಲ, ಆ ಖುಷಿಗೆ ನಾನೂ ಬೇರೆ ಏನೂ ಕೇಳಲಿಲ್ಲ ಅಣ್ಣಾ," ಎಂದಳು ಹೊನ್ನಿ. ಸಿಟ್ಟು ಇಳಿದಿರಲಿಲ್ಲ, ಆದರೂ ಅವನ ಸುಟ್ಟ ಪಾದದ ಮೇಲೆ ಒದ್ದೆ ಮಣ್ಣು ಮೆತ್ತಿದಳು.

ಎರಡು ತಿಂಗಳು ಆ ಕೊಚ್ಚೆಯಲ್ಲೇ ಕಳೆದರು. ಮೃಗಶಿರ ಬಂತು. ಶ್ರಾವಣಕ್ಕೆ ಕೆರೆ ತುಂಬಿ ತುಳುಕಿತು. ಹೊನ್ನಿ ತಾನು ಹುಟ್ಟಿದ ನೀರಿನಲ್ಲಿ ಮಕ್ಕಳ ಜೊತೆ ಮನದಣಿಯೆ ಈಜಿದಳು. ಚಾತಕವೂ ಬಂತು. "ನಾನು ಹೇಳಲಿಲ್ಲವಾ, ಇಲ್ಲಿ ಯಾವಾಗಲೂ ಮಳೆ!" ಎಂದಿತು. ಚಿಮ್ಮ ಕಿಸಕ್ಕನೆ ನಕ್ಕು ನೀರಿಗೆ ಹಾರಿದ.

ಹೊರಡುವ ದಿನ ಹೊನ್ನಿ ಕೆರೆ ಏರಿಯ ಪಕ್ಕ ನಿಂತಿದ್ದ ಲಾರಿಯಲ್ಲಿ ಸೇವಂತಿಗೆ ಹೂವಿನ ಒದ್ದೆ ಮೂಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿದಳು, "ಅಣ್ಣಾ, ಈಗ ನೀನು ನಮ್ಮೂರಿಗೆ ಬರಬೇಕು. ದೀಪಾವಳಿಯ ಹೊತ್ತಿಗೆ ಬಾ. ಆಗ ನಮ್ಮಲ್ಲಿ ಒಳ್ಳೆ ಮಳೆ."

ದೀಪಾವಳಿಗೆ ಮಳೆಯೇ? ಡೊಳ್ಳಪ್ಪನ ಗಂಟಲು ಉಬ್ಬಿತು. "ಎಲ್ಲಾದರೂ ಉಂಟಾ! ಆಗ ಮಳೆ ಮುಗಿದು..." ಎನ್ನುವಷ್ಟರಲ್ಲಿ ಸಾಕವ್ವ ಕತ್ತು ಹೊರಗೆ ಹಾಕಿ ಅವನನ್ನೇ ನೋಡಿದಳು. ಉಬ್ಬಿದ ಗಂಟಲು ಮೆಲ್ಲಗೆ ಇಳಿಯಿತು.

"ಹೌದಾ ಹೊನ್ನಿ?" ಎಂದ ಅವನು. "ನಮ್ಮಲ್ಲಿ ಮುಗಿದಾಗ ನಿಮ್ಮಲ್ಲಿ ಶುರುವಾಗುತ್ತಾ? ಆಗ ಚಳಿ ಇರುತ್ತಾ? ಗಾಳಿ ಜೋರಾ? ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತೆ?"

ಲಾರಿ ಹೊರಟಿತು. ಡೊಳ್ಳಪ್ಪ ಅದರ ಹಿಂದೆ ಕುಪ್ಪಳಿಸುತ್ತ, "ಹೊನ್ನೀ, ಕಡಲ ನೀರು ಉಪ್ಪಂತೆ, ನಿಜವಾ?" ಎಂದು ಕೇಳುತ್ತಲೇ ಇದ್ದ. ಹೂವಿನ ಮೂಟೆಯ ಮೇಲಿಂದ ಮೂವರೂ ನಗುತ್ತ ಉತ್ತರ ಕೂಗುತ್ತಲೇ ಇದ್ದರು.

ನೀತಿ: ಕಂಡ ಕಾಲವನ್ನೇ ವರ್ಷವೆಂದು, ಕಂಡ ಕೆರೆಯನ್ನೇ ದೇಶವೆಂದು ತಿಳಿದು ನೆಂಟರನ್ನು ಕರೆಯಬಾರದು, ತಾನು ಕಾಣದ್ದನ್ನು ಕಂಡವರ ಬಳಿ ಕೇಳಿ ತಿಳಿಯಬೇಕು.