ಪಾಟೀಲನ ತಗ್ಗು

ಬೀದರಿನಿಂದ ಹಳೆಯ ಗಾಡಿದಾರಿ ಹಿಡಿದು ಬಂದರೆ, ನಮ್ಮ ಸಿಂದನವಾಡಿ ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ, ಎಡಕ್ಕೆ ಒಂದು ಕೆಂಪು ಮುರಕಲ್ಲಿನ ಬಂಡೆ ಸಿಗುತ್ತದೆ. ಕಣದಷ್ಟು ಅಗಲ, ಕಣದಷ್ಟೇ ಸಪಾಟು. ಅದರ ತುದಿಗೆ ಸಣ್ಣದೊಂದು ಗುರುದ್ವಾರ, ಮೇಲೆ ಕೇಸರಿ ನಿಶಾನೆ. ಬಂಡೆಯ ನಡುಮಧ್ಯದಲ್ಲಿ ಮೊಣಕಾಲುದ್ದ ಆಳದ, ಒಬ್ಬರ ಕಾಲು ಹಿಡಿಸುವಷ್ಟೇ ಅಗಲದ ಒಂದು ಗುಂಡಿ ಇದೆ. ಅದನ್ನು ಪಾಟೀಲನ ತಗ್ಗು ಎನ್ನುತ್ತಾರೆ. ಬಂದ ಜನ ಯಾವುದೋ ಸಾಧುವಿನ ಗೋರಿ ಎಂದು ತಿಳಿದು ಅದಕ್ಕೆ ಊದುಬತ್ತಿ ಹಚ್ಚುತ್ತಾರೆ. ಹೋದ ವರ್ಷ ಒಬ್ಬ ಮಹಾಶಯ ಅದರೊಳಗೆ ಇಳಿದು ನಿಂತು ಫೋಟೊ ತೆಗೆಸಿಕೊಂಡ. ಬೈದೆ. ಬೈಯದೆ ಮಂಗಳಾರತಿ ಎತ್ತಲೇ? ಅಲ್ಲಿ ಸಾಧುವೂ ಇಲ್ಲ, ಗೋರಿಯೂ ಇಲ್ಲ. ಆ ತಗ್ಗಿಗೆ ಹೆಸರು ಕೊಟ್ಟ ಧೂಳಪ್ಪ ಪಾಟೀಲ ನಮ್ಮ ಮನೆಯ ಹಿರಿಯ, ನನ್ನ ಮುತ್ತಜ್ಜನ ಅಜ್ಜ. ಹಿರಿಯ ಎಂದು ಹೇಳಿಕೊಳ್ಳಲು ನನಗೆ ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ನಿಜಾಮರ ಆಳ್ವಿಕೆಯಲ್ಲಿ, ವಸಾವಾ ಸಿಂಗ್ ಎಂಬ ಸಿಖ್ ಸಿಪಾಯಿ ಪಲ್ಟನ್ ಬಿಟ್ಟು ತನ್ನ ಹೆಂಡತಿ ನಿಹಾಲ್ ಕೌರಳೊಂದಿಗೆ ಈ ಬಂಡೆಯ ಮೇಲೆ ನೆಲೆನಿಂತನಂತೆ. ಊರಿನವರು ಆಕೆಯನ್ನು ನಿಹಾಲವ್ವ ಎಂದರು. ದಾರಿಹೋಕರಿಗೆ ಜೋಳದ ರೊಟ್ಟಿ, ಬೇಳೆ ಬಡಿಸುವುದೇ ಗಂಡಹೆಂಡಿರ ಕಾಯಕ. ಅದನ್ನು ಅವರು ಲಂಗರ್ ಎಂದು ಕರೆಯುತ್ತಿದ್ದರು. ನೇಮ ಒಂದೇ. ತಲೆಗೆ ಬಟ್ಟೆ ಹಾಕಿ, ಜೋಡು ಹೊರಗೆ ಬಿಟ್ಟು, ಯಾವ ಜಾತಿಯವನಾದರೂ ಒಂದೇ ಸಾಲಿನಲ್ಲಿ ನೆಲಕ್ಕೆ ಕೂತು ಉಣ್ಣಬೇಕು. ಅಡುಗೆಗೆ ಕಲ್ಲು ಹೊತ್ತು ಒಲೆ ಹೂಡಿಕೊಟ್ಟವಳು ಕೆರ ಹೊಲಿಯುವವರ ಮನೆಯ ಲಚಮವ್ವ. ನೀರು ಮಾತ್ರ ನಮ್ಮ ಪಾಟೀಲನ ಬಾವಿಯಿಂದ ಬರಬೇಕಿತ್ತು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಒಂದು ದಿನ ಧೂಳಪ್ಪ ಪಾಟೀಲ ತಾನೂ ಪ್ರಸಾದ ಉಣ್ಣುತ್ತೇನೆಂದು ಬಂದ. ಹಿಂದೆ ಆಳಿನ ಕೈಯಲ್ಲಿ ಸಾಗುವಾನಿಯ ಮಣೆ. ಸಾಲಿನ ನಡುವೆ ಮಣೆ ಹಾಕಿಸಿ, ಮೀಸೆ ತಿರುವಿ, ಅದರ ಮೇಲೆ ಕೂತ. ವಸಾವಾ ಸಿಂಗ್ ನೋಡಿದ, ಸುಮ್ಮನಾದ. ರಣದಲ್ಲಿ ತೋಪಿನ ಮುಂದೆ ನಿಂತವನು ಒಂದು ಗೇಣು ಹಲಗೆಯ ಮುಂದೆ ಬಾಯಿ ಮುಚ್ಚಿದ. ನೀರು ನಿಂತರೆ ನೂರು ಜನರ ಊಟ ನಿಲ್ಲುತ್ತದೆ, ಒಂದು ಮಣೆಗೇಕೆ ಜಗಳ ಎಂದು ಹೆಂಡತಿಗೂ ಹೇಳಿದನಂತೆ. ಬೆರಳು ಕೊಟ್ಟರೆ ಹಸ್ತ ನುಂಗುವವರು ನಾವು, ಅವನಿಗೆಲ್ಲಿ ಗೊತ್ತು! ತಿಂಗಳಲ್ಲಿ ಕುಲಕರ್ಣಿಯದು, ಶೆಟ್ಟಿಯದು ಎಂದು ಮಣೆಗಳು ಆರಾದವು. ಮಣೆ ಇಲ್ಲದವರು ತಾವಾಗಿಯೇ ಹಿಂದೆ ಸರಿದರು. ಕಡೆಗೊಂದು ದಿನ ಪಾಟೀಲ ಲಚಮವ್ವನಿಗೆ ಕೈ ಬೀಸಿ, ಆ ತುದಿಗೆ ಹೋಗಿ ಕೂಡು ಎಂದ. ಆಕೆ ಕೈಗೆ ಬಂದಿದ್ದ ರೊಟ್ಟಿಯನ್ನು ಬುಟ್ಟಿಗೆ ಮರಳಿ ಇಟ್ಟು ಎದ್ದಳು. "ನಿಮ್ಮ ಗುರುವಿನ ಮನ್ಯಾಗೂ ನಮ್ಮೂರ ರೀತಿನೇ ಅದ ನೋಡು, ಯವ್ವಾ" ಎಂದು ನಿಹಾಲವ್ವನಿಗೆ ಹೇಳಿ ಹೊರಟುಹೋದಳು.

ಮರುದಿನ ಪಾಟೀಲ ಬಂದಾಗ ಒಂದು ಮಣೆಯೂ ಇರಲಿಲ್ಲ. ಆರನ್ನೂ ಒಡೆದು ಒಲೆಗೆ ಹಾಕಿದ್ದಳು ನಿಹಾಲವ್ವ. "ಇವತ್ತಿನ ರೊಟ್ಟಿ ನಿಮ್ಮ ಮಣೆ ಮ್ಯಾಲೇ ಬೆಂದಾವು, ಪಾಟೀಲರೆ. ಕೂತು ಉಣ್ರಿ" ಎಂದಳು. ಅವನು ಉಣ್ಣಲಿಲ್ಲ. ಅಂದೇ ಬಾವಿಗೆ ಕಾವಲು ಕೂಡಿಸಿದ. ವಸಾವಾ ಸಿಂಗ್ ತನ್ನ ಮೌನಕ್ಕೆ ತಾನೇ ದಂಡ ಹಾಕಿಕೊಂಡ. ಬಂದವರ ಜೋಡು ಒರೆಸಿಡುವ ಸೇವೆಗೆ ಕೂತು, ಮೊದಲು ಲಚಮವ್ವನ ಮನೆಗೇ ಹೋಗಿ ಅವಳನ್ನು ಕರೆತಂದು ಅವಳ ಕೆರ ಒರೆಸಿದನಂತೆ. ನೀರನ್ನು ಹರದಾರಿ ದೂರದ ಹಳ್ಳದಿಂದ ಹೊತ್ತು ತಂದರು. ಲಚಮವ್ವನ ಕೇರಿಯವರೂ ಹೊತ್ತರು. ಆಗ ನಮ್ಮ ಪುಣ್ಯಾತ್ಮ ಹಳ್ಳದ ದಾರಿಗೆ ಜಾಲಿಮುಳ್ಳಿನ ಬೇಲಿ ಬಡಿಸಿದ. ವಸಾವಾ ಸಿಂಗ್ ಕೊಡ ಹೊತ್ತು ಸುತ್ತುಹಾದಿಯ ಕಡಿದಾದ ಕಲ್ಲೇರಿ ಬರುವಾಗ ಜಾರಿ ಬಿದ್ದು ಸತ್ತ. ಇದನ್ನು ನಮ್ಮ ಮನೆಯಲ್ಲಿ 'ಅಪಘಾತ' ಎಂದು ಹೇಳುತ್ತಿದ್ದರು. ಮುಳ್ಳು ಬಡಿದದ್ದು ನಾವು, ಅಪಘಾತ ಅವನದು. ಥೂ!

ಅದಾಗಿ ಹನ್ನೆರಡು ವರ್ಷಕ್ಕೆ ಊರಿಗೆ ದೊಡ್ಡ ಬೇನೆ ಬಂತು. ಜನ ಮನೆ ಬಿಟ್ಟು ದೂರದ ಹೊಲಗಳಿಗೆ ಓಡಿದರು, ಪಾಟೀಲನ ಆಳುಕಾಳುಗಳೂ ಓಡಿದರು. ತನ್ನ ವಾಡೆಯ ದೊಡ್ಡ ಮನೆ ಬಿಟ್ಟು ಹೊರಡೆನೆಂದು ಹಟ ಹಿಡಿದು ಅವನೊಬ್ಬನೇ ಉಳಿದ. ಅಷ್ಟರಲ್ಲಿ ಅವನಿಗೆ ನೆಲಕ್ಕೆ ಕೂಡುವಷ್ಟು ಮಂಡಿ ಮಡಿಸಲು ಬಾರದಂತೆ ವಾಯು ಹಿಡಿದಿತ್ತು. ಮೂರು ದಿನ ಉಪವಾಸ ಬಿದ್ದು, ಹೊಗೆ ಕಂಡ ಒಂದೇ ಒಲೆಯ ಕಡೆಗೆ ಕೋಲೂರಿ ಬಂದು ಬಂಡೆಯ ಮೇಲೆ ನಿಂತ. ಹೊಲಗಳಿಂದ ಉಣ್ಣಲು ಬಂದವರ ಸಾಲು ಕೂತಿತ್ತು. ಕೈಯಲ್ಲೊಂದು ರೊಟ್ಟಿ ಹಾಕು, ಹೋಗುತ್ತೇನೆ ಎಂದ. ಇಲ್ಲಿ ಭಿಕ್ಷೆ ಹಾಕುವುದಿಲ್ಲ, ಕೂತವರಿಗೆ ಬಡಿಸುತ್ತೇವೆ ಎಂದಳು ನಿಹಾಲವ್ವ. ಕೂಡಲು ಬಾರದೆಂದು ಅವನು ಕಾಲು ತೋರಿಸಿದ. ಯಾರೋ ಪಾಪವೆಂದು ಒಂದು ಕಲ್ಲು ಉರುಳಿಸಿ ತಂದರೆ, ಅದನ್ನು ಕಾಲಿನಿಂದ ತಳ್ಳಿದಳು. ಹಸಿದವನನ್ನು ಅಟ್ಟುತ್ತಾಳೆ, ಅಟ್ಟಲಿ, ಗಂಡನನ್ನು ತಿಂದವನಲ್ಲವೇ ಎಂದು ಎಲ್ಲರೂ ಅಂದುಕೊಂಡರು.

ಆಕೆ ಒಳಗೆ ಹೋಗಿ ಗಂಡನ ಹಾರೆ ತಂದಳು. ಸಾಲಿನ ನಟ್ಟನಡುವೆ, ಲಚಮವ್ವನ ಮಗ್ಗುಲಲ್ಲೇ, ಬಂಡೆಗೆ ಹೊಡೆಯತೊಡಗಿದಳು. ಮುರಕಲ್ಲು ಮೆದುವಾದರೂ ಕಲ್ಲೇ. ಹೊತ್ತು ತಲೆಯ ಮೇಲಿಂದ ಇಳಿಯಿತು. ಸಾಲಿನಲ್ಲಿ ಒಬ್ಬರೂ ತುತ್ತು ಮುಟ್ಟಲಿಲ್ಲ. ಲಚಮವ್ವನಿಗೆ ಖುಷಿಯಾಯಿತು. "ಇನ್ನಾ ಆಳ ತೋಡು ಯವ್ವಾ, ತಗ್ಗಿನ ಒಳಗೇ ಕೂಡಲಿ. ನಮ್ಮ ಕಾಲ ಬುಡಕ್ಕ ಕೂತು ಉಣ್ಣಲಿ" ಎಂದಳು. ನಿಹಾಲವ್ವ ಹಾರೆ ನಿಲ್ಲಿಸಿದಳು.

"ಅವನ್ನ ಕೆಳಗ ಕೂಡ್ಸಿದ್ರ ನಾವು ಮಣೆ ಮ್ಯಾಲ ಕೂತಂಗ, ಲಚಮಿ. ಇದು ಅವನ ಕಾಲಿಗೆ. ಅವನಿಗಲ್ಲ."

ಆಮೇಲೆ ಪಾಟೀಲನ ಕಡೆ ತಿರುಗಿ, "ನನ್ನ ಗಂಡನ ಕೊಂದವ ನೀನು. ನಾ ಮರ್ತಿಲ್ಲ, ಮಾಫಿನೂ ಮಾಡಿಲ್ಲ. ಕಾಲು ಇಳಿಬಿಟ್ಟು ಕೂಡು" ಎಂದಳು. ಅವನು ಕೋಲೂರಿ ತಗ್ಗಿಗೆ ಕಾಲಿಟ್ಟು ಅಂಚಿಗೆ ಕೂತ. ಎಲ್ಲರಂತೆ ಎರಡೂ ಕೈ ಚಾಚಿದ. ಮೊದಲ ರೊಟ್ಟಿ ಹಾಕುವಾಗ ಆಕೆ ಮುಖ ಆಚೆ ತಿರುಗಿಸಿಕೊಂಡಿದ್ದಳು ಎನ್ನುತ್ತಾರೆ. ಕೊನೆಗೆ ಕರಗಿ ಅತ್ತಳು ಎಂದು ಕೆಲವರು ಕಥೆ ಕಟ್ಟುತ್ತಾರೆ, ಅದೆಲ್ಲ ಸುಳ್ಳು. ಆಕೆ ಸಾಯುವತನಕ ಅವನೊಡನೆ ಮತ್ತೊಂದು ಮಾತಾಡಲಿಲ್ಲ, ಒಂದು ದಿನವೂ ಬಡಿಸದೆ ಬಿಡಲಿಲ್ಲ. ಅವನೂ ಬಾವಿಯ ಕಾವಲು ತೆಗೆಸಿದ. ತಡವಾಗಿ ತೆಗೆಸಿದ್ದಕ್ಕೆ ಹೊಗಳಿಕೆ ಬೇಡ.

ಇವತ್ತು ಅಲ್ಲಿಗೆ ಹೋದರೆ ಈಗಲೂ ಸಾಲು ಕೂತಿರುವುದನ್ನು ಕಾಣಬಹುದು. ಈ ವರ್ಷ ಗುರುದ್ವಾರದ ಕಮಿಟಿಯವರು ದೊಡ್ಡ ಮನುಷ್ಯರು ಬರುತ್ತಾರೆಂದು ಹತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದನ್ನು ನನಗೂ ತಂದರು, ಮನೆತನದ ಮಂಡಿನೋವು ನನಗೂ ಬಂದಿದೆಯಲ್ಲ. ನಿಮ್ಮ ಕುರ್ಚಿ ಒಲೆಗೂ ಬಾರದು, ಹೊತ್ತುಕೊಂಡು ನಡೆಯಿರಿ ಎಂದು ಗದರಿಸಿ, ಹೋಗಿ ತಗ್ಗಿನ ಅಂಚಿಗೆ ಕೂತೆ. ಪಕ್ಕದಲ್ಲಿ ಲಚಮವ್ವನ ವಂಶದ ನಾಗಮ್ಮ ಕೂಡುತ್ತಾಳೆ. ನಮ್ಮ ಮನೆಯವರೆಂದರೆ ಅವಳಿಗೆ ಇನ್ನೂ ಆಗದು, ಆಗಬೇಕೆಂದು ನಾನು ಕೇಳುವುದೂ ಇಲ್ಲ. ತಗ್ಗಿನ ಗೋಡೆಯ ಮೇಲೆ ಹಾರೆಯ ಏಟುಗಳು ಇನ್ನೂ ಕಾಣುತ್ತವೆ, ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಬಿದ್ದ ಏಟುಗಳು. ಕೂತಲ್ಲಿಂದ ನನ್ನ ಅಂಗೈಯನ್ನು ಬಂಡೆಯ ಮೇಲೆ ನಾಗಮ್ಮ ಕೂತಲ್ಲಿಯವರೆಗೂ ಎಳೆದು ನೋಡಿದ್ದೇನೆ. ನಿಹಾಲವ್ವ ಅಂಚನ್ನು ಒಂದು ಕೂದಲೆಳೆಯಷ್ಟೂ ತಗ್ಗಿಸಿಲ್ಲ.