ಹಳೇ ನೀರು ಕಾದ ತೂಬು

ಹೊಳೆಯಿಂದ ಬಂದು ಊರ ನಡುವೆ ಹರಿಯುವ ಕಾಲುವೆಯಲ್ಲಿ ದೋಣಿಗಳು ತಂಗುತ್ತಿದ್ದ ಒಂದು ಕೊಳ. ಕೊಳದ ಬಾಗಿಲಿಗೆ ಕಬ್ಬಿಣದ ತೂಬು. ದೋಣಿಗಳು ನಿಂತುಹೋಗಿ, ದಡದ ಭತ್ತದ ಮಂಡಿಗಳೆಲ್ಲ ಅಪಾರ್ಟ್‌ಮೆಂಟುಗಳಾದ ಮೇಲೆ ತೂಬು ಬಿಗಿಯಾಗಿ ಮುಚ್ಚಿಕೊಂಡು ಕೂತಿತು. ನೀರು ಹಸಿರುಗಟ್ಟಿ ನಾರತೊಡಗಿತು. ಜನ ಮೂಗು ಮುಚ್ಚಿಕೊಂಡು ಓಡಾಡಿದರು.

ಒಂದು ಬೆಳಿಗ್ಗೆ ಮೀನೊಂದು ಮರಿಗಳ ಸಮೇತ ಮೇಲೆ ಬಂದು ಬೇಡಿತು: “ತೂಬಣ್ಣ, ಮಕ್ಕಳಿಗೆ ಉಸಿರು ಕಟ್ಟುತ್ತಿದೆ. ಒಂದು ಗೇಣಾದರೂ ಮೇಲೇಳು.”

“ಆಗದು,” ಎಂದಿತು ತೂಬು. “ಭತ್ತದ ದೋಣಿಗಳು ತೇಲಿದ ನೀರು ಇದು. ಇದನ್ನೂ ಬಿಟ್ಟುಕೊಟ್ಟರೆ ನಮ್ಮನ್ನು ನೆನೆಯುವವರು ಯಾರು?”

ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದ ಮುದಿ ಆಮೆಗೆ ರೇಗಿತು. “ದೋಣಿ ತೇಲಿದ ನೀರು ಅಂದೇ ಸಮುದ್ರ ಸೇರಿತು. ಇದು ಹೋದ ವರ್ಷದ ಮಳೆ, ಕೊಳೆತು ಕೂತಿದೆ. ಬಂದ ದೋಣಿಗೆಲ್ಲ ನೀನು ಬಾಗಿಲು ತೆಗೆಯುತ್ತಿದ್ದೆಯಲ್ಲ, ಅದನ್ನೇ ಮರೆತೆಯಾ? ನೀನು ತೆಗೆದದ್ದಕ್ಕೇ ಅಲ್ಲವೇ ಅವು ಬಂದದ್ದು?”

ಅಷ್ಟರಲ್ಲಿ ಮೀನಿನ ಮರಿಯೊಂದು ಹೊಟ್ಟೆ ಮೇಲಾಗಿ ತೇಲಿದ್ದೇ ತಡ, ತೂಬು ತುಕ್ಕು ಉದುರಿಸಿಕೊಂಡು, ಕಿರುಗುಟ್ಟುತ್ತ ಒಂದು ಗೇಣು ಮೇಲೆದ್ದಿತು.

ಕೊಳೆನೀರು ಹೊರಟಿತು. ಅದರ ಬೆನ್ನಿಗೇ ಹೊಳೆಯ ತಿಳಿನೀರು ಬಂತು. ಮರಿ ಬಾಲ ಬಡಿದು ನೆಟ್ಟಗಾಯಿತು. ತಿಳಿನೀರಿನೊಳಗೆ ಕೊಳದ ಕಲ್ಲುಗಳೂ, ಅವುಗಳ ಮೇಲೆ ದೋಣಿಯ ಹಗ್ಗಗಳು ಉಜ್ಜಿ ಉಜ್ಜಿ ಕೊರೆದ ಗೀರುಗಳೂ ಕಾಣಿಸಿದವು.

ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಮೂಗಿನ ಮೇಲಿನ ಸೆರಗು ತೆಗೆದು, ಬಗ್ಗಿ ನೋಡಿ ಮೊಮ್ಮಗಳನ್ನು ಕರೆದಳು: “ಬಾ ಪುಟ್ಟಿ, ನಮ್ಮಪ್ಪ ದೋಣಿ ಕಟ್ತಿದ್ದ ಕಲ್ಲು ಇದೇ ನೋಡು.”

ತೂಬು ಇನ್ನೊಂದು ಗೇಣು ಮೇಲೆದ್ದಿತು.